ಕುಡುಗೋಲು ಮಾಮ ಮತ್ತು ಹಾಲಿನಾಳ ಕೂಗು

ಸೆಪ್ಟೆಂಬರ್ 28, ಬೆಳಿಗ್ಗೆ

ಕಾಫಿ, ಮಾತ್ರೆ, ಗ್ಯಾರೇಜು. ಹಳೆಯ ವಿಡಿಯೋ ಗೇಮ್ ಯಂತ್ರದ ಪವರ್ ಸಪ್ಲೈ ಕೊನೆಗೂ ದಾರಿಗೆ ಬಂತು. ಎರಡು ಕೆಪಾಸಿಟರ್ ಹೊಟ್ಟೆ ಉಬ್ಬಿಸಿಕೊಂಡು ಕುಳಿತಿದ್ದವು, ಕಿತ್ತೆಸೆದೆ. ಪರದೆ ಹತ್ತಿಕೊಂಡಿತು. ಕಾಡು, ಕೆರೆ, ಬೇಸಿಗೆ ಶಿಬಿರ, ಮುಖಕ್ಕೆ ಗೋಣಿಚೀಲ ತೊಟ್ಟ ಕುಡುಗೋಲು ಮಾಮ. ಎಂಬತ್ತಾರರಲ್ಲಿ ನಮ್ಮ ಕಂಪನಿಯಲ್ಲಿ ಮಾಡಿದ ಆಟ. ಆಗ ಷಿಕಾಗೋದ ಯಾವ ಥಿಯೇಟರಿಗೆ ಹೋದರೂ ಒಬ್ಬ ಮುಸುಕುಧಾರಿ ಕೊಲೆಗಾರ ಹುಡುಗಿಯರ ಹಿಂದೆ ಓಡುತ್ತಿದ್ದ. ನಮಗೂ ಒಬ್ಬ ಬೇಕು ಎಂದರು ಯಜಮಾನರು. ಒಂದೇ ಒಂದು ಯಂತ್ರ ಮಾಡಿ ಪಿಜ್ಜಾ ಅಂಗಡಿಯಲ್ಲಿಟ್ಟು ನೋಡಿದೆವು. ತಾಯಂದಿರು ಗಲಾಟೆ ಎಬ್ಬಿಸಿದರು. ಅಲ್ಲಿಗೆ ಮುಗಿಯಿತು. ಆ ಒಂಟಿ ಯಂತ್ರ ನನ್ನ ಗ್ಯಾರೇಜಿಗೆ ಬಂದು ಬಿತ್ತು.

ಆಟದಲ್ಲಿ ಬೇಕೆಂದೇ ಮಾಮನಿಗೆ ಸಿಕ್ಕಿಬಿದ್ದೆ. ಮಾಮ ಕುಡುಗೋಲು ಎತ್ತಿದ. ಪರದೆಯ ಮೇಲಿನ ಹುಡುಗಿ ಬಾಯಿ ತೆರೆದಳು.

ಹಾಲಿನಾ ಕೂಗಿದಳು.

ಸ್ಟೂಲು ಎಳೆದುಕೊಂಡು ಕೂತೆ. ಹೆಂಡತಿ ಸತ್ತ ಮೇಲೆ ಈ ಯಂತ್ರಕ್ಕೆ ಕರೆಂಟು ಕೊಟ್ಟಿರಲಿಲ್ಲ. ಧೈರ್ಯ ಇರಲಿಲ್ಲ. ಅವಳ ದನಿ ಎಂದು ಈ ಭೂಮಿಯ ಮೇಲೆ ಉಳಿದಿರುವುದು ಇದಿಷ್ಟೇ, ಎರಡು ಸೆಕೆಂಡು. ಮದುವೆಯ ಫಿಲ್ಮಿಗೂ ಸದ್ದಿಲ್ಲ. ಅತ್ತುಬಿಟ್ಟೆ, ಮುದಿ ಕತ್ತೆಯ ಹಾಗೆ.

ಸಂಜೆ

ಮಿಲ್ವಾಕಿಗೆ ಫೋನ್ ಮಾಡಿದೆ. ನಿಮ್ಮಮ್ಮನ ದನಿ ಸಿಕ್ಕಿತು ಎಂದೆ, ಮಗಳು ರೆನಾಟಾಗೆ. ಅಮ್ಮ ಹೋದಾಗ ಮಗಳಿಗೆ ಇನ್ನೂ ಮೂರು ತುಂಬಿರಲಿಲ್ಲ. ದನಿ ಎಲ್ಲಿ ನೆನಪಿರಬೇಕು.

"ಫೋನಲ್ಲಿ ಕೇಳಿಸ್ಲಾ? ಹತ್ರ ಹಿಡೀತೀನಿ."

"ಬೇಡಪ್ಪ. ಫೋನಲ್ಲಿ ಬೇಡ. ನಾನೇ ಬರ್ತೀನಿ. ನಿನ್ ಪಕ್ಕ ನಿಂತ್ಕೊಂಡೇ ಕೇಳ್ಬೇಕು."

"ಕೂಗೋದು ಕಣೇ ಅದು. ಲಾಲಿ ಹಾಡಲ್ಲ."

"ಆದ್ರೇನು. ಅಮ್ಮಂದು ತಾನೆ."

ಹ್ಯಾಲೋವೀನ್ ಹೊತ್ತಿಗೆ ಬರುತ್ತಾಳಂತೆ. ಮಾರನೆಯ ದಿನ ನಮ್ಮ ಪೋಲಿಷರ ಸತ್ತವರ ಹಬ್ಬ, ಸ್ಮಶಾನಕ್ಕೂ ಹೋಗಬೇಕಲ್ಲ, ದೀಪ ಹಚ್ಚಲು.

ಅಕ್ಟೋಬರ್ 2

ಸೌಂಡ್ ಬೋರ್ಡು ಬಿಚ್ಚಿ ಮೇಜಿನ ಮೇಲಿಟ್ಟಿದ್ದೇನೆ. ದನಿ ಇರುವ ಚಿಪ್‌ನ ಮೇಲೆ ಹಾಲಿನಾಳದೇ ಕೈಬರಹದ ಸ್ಟಿಕ್ಕರ್. ನೀಲಿ ಶಾಯಿಯಲ್ಲಿ "ಹಾಲಿನಾ, ಕೂಗು", ಪಕ್ಕದಲ್ಲಿ ಬಾಯಿ ತೆರೆದ ಒಂದು ಪುಟ್ಟ ಮುಖ. ಚಿಪ್‌ಗಳಿಗೆ ಪ್ರೋಗ್ರಾಂ ತುಂಬಿ ಸ್ಟಿಕ್ಕರ್ ಅಂಟಿಸುವುದೇ ಅವಳ ಕೆಲಸವಾಗಿತ್ತು. ಈ ಹಳೆಯ ಚಿಪ್‌ಗಳ ನೆತ್ತಿಯ ಮೇಲೊಂದು ಗಾಜಿನ ಕಿಂಡಿ. ಬಿಸಿಲು ಬಿದ್ದರೆ ಒಳಗಿದ್ದದ್ದೆಲ್ಲ ಅಳಿಸಿಹೋಗುತ್ತದೆ. ಅದಕ್ಕೇ ಸ್ಟಿಕ್ಕರ್. "ಮುಟ್ಟಿದ್ರೆ ಬೆರಳು ಮುರೀತೀನಿ" ಎನ್ನುತ್ತಿದ್ದಳು, ಯಜಮಾನರಿಗೂ. ನಮ್ಮ ಕಾರ್ಖಾನೆಯಲ್ಲಿ ಕಸ ಗುಡಿಸುವವನಿಗೂ ಇದು ಗೊತ್ತಿತ್ತು.

ಕೂಗು ರೆಕಾರ್ಡ್ ಮಾಡಿದ್ದು ಉಗ್ರಾಣದಲ್ಲಿ, ರಟ್ಟಿನ ಡಬ್ಬಿಗಳ ನಡುವೆ. ಕ್ಯಾಂಟೀನಿನಿಂದ ಜನ ಸ್ಯಾಂಡ್‌ವಿಚ್ ಹಿಡಿದೇ ಓಡಿಬಂದರು. ಅವರ ಮುಖ ನೋಡಿ ಬಿದ್ದು ಬಿದ್ದು ನಕ್ಕಳು. ಆ ನಗುವೂ ಟೇಪಿನಲ್ಲಿತ್ತು. ಚಿಪ್‌ನಲ್ಲಿ ಜಾಗ ಸಾಲದೆ ಕತ್ತರಿಸಿದೆ. ಟೇಪು ಕಂಪನಿ ಮುಚ್ಚಿದಾಗ ಕಸಕ್ಕೆ ಹೋಯಿತು.

ಶನಿವಾರ ವರ್ನ್ ಚಿಪ್ ನಕಲು ತೆಗೆಯುವ ತನ್ನ ಕಾಪಿ ಯಂತ್ರ ತರುತ್ತಾನೆ. ಬೌಲಿಂಗ್ ಹಾಲ್‌ನ ಕೆಳಗೆ ಹಳೆಯ ಆಟಗಳ ಅಂಗಡಿ ಇಟ್ಟಿದ್ದಾನೆ, ನನ್ನ ಜೊತೆಯೇ ಕೆಲಸಕ್ಕಿದ್ದವನು. ಒಂದು ನಕಲು ತೆಗೆದುಬಿಟ್ಟರೆ ಎದೆ ಹಗುರ.

ಅಕ್ಟೋಬರ್ 3

ಎದೆ ಎಂದೆನಲ್ಲ — ಬೆಳಿಗ್ಗೆಯಿಂದ ಏನೋ ಹಿಡಿದಂತೆ. ಗ್ಯಾಸ್ ಇರಬೇಕು. ಎಡಗೈ ಕೂಡ...

ಅಕ್ಟೋಬರ್ 20

ಮನೆ. ಆಸ್ಪತ್ರೆಯಲ್ಲಿ ಎದೆ ಬಿಚ್ಚಿ ಹೊಲಿದರು, ಉದ್ದದ ಹೊಲಿಗೆ. ರೆನಾಟಾ ರಜೆ ಹಾಕಿ ನಾನು ಬಿದ್ದ ದಿನದಿಂದ ಇಲ್ಲೇ ಇದ್ದಾಳೆ. ಉಪ್ಪಿಲ್ಲದ ಬೀಟ್‌ರೂಟ್ ಸಾರು ಕೊಟ್ಟಳು. ಕುಡಿಯುವಂತಿರಲಿಲ್ಲ. ಕುಡಿದೆ.

ಆಮೇಲೆ ಬೆನ್ನ ಹಿಂದೆ ಕೈ ಕಟ್ಟಿಕೊಂಡು ಬಂದು ನಿಂತಳು. ಚಿಕ್ಕವಳಿದ್ದಾಗ ಮಾಡುತ್ತಿದ್ದಳು ಹೀಗೆ.

"ಕಣ್ ಮುಚ್ಕೊ."

ಮುಚ್ಚಿಕೊಂಡೆ. ಕೈಗೆ ಏನೋ ಇಟ್ಟಳು. ಗಾಜು ಹಾಕಿದ ಫ್ರೇಮು. ಒಳಗೆ ಬಿಳಿ ರಟ್ಟಿನ ನಡುವೆ ನೀಲಿ ಶಾಯಿಯ ಸ್ಟಿಕ್ಕರ್.

"ಅಮ್ಮನ್ ಕೈಬರಹ ನಾನ್ ನೋಡೇ ಇರ್ಲಿಲ್ಲಪ್ಪ. ಹೇರ್ ಡ್ರೈಯರ್ ಹಿಡ್ದು ಮೆತ್ತಗೆ ಬಿಡಿಸ್ದೆ, ಒಂದ್ ಚೂರೂ ಹರೀಲಿಲ್ಲ. ಬೋರ್ಡೂ ತೊಳ್ದಿದ್ದೀನಿ, ಸ್ಪಿರಿಟ್ ಹಾಕಿ, ಟೂತ್‌ಬ್ರಶ್ಶಲ್ಲಿ."

ದಂತವೈದ್ಯರ ಬಳಿ ಹಲ್ಲು ಸ್ವಚ್ಛ ಮಾಡುವುದೇ ಅವಳ ಉದ್ಯೋಗ.

"ಎಲ್ಲಿದೆ ಬೋರ್ಡು?"

"ಹಿಂದ್ಗಡೆ ಮೆಟ್ಲ ಮೇಲೆ. ಗ್ಯಾರೇಜೆಲ್ಲ ತೇವ. ಒಳ್ಳೆ ಬಿಸ್ಲಿತ್ತಲ್ಲ, ದಿನಾ ಹೊರಗೆ ಇಡ್ತಿದ್ದೆ."

ಚೆನ್ನಾಗಿದೆ ಎಂದೆ. ತುಂಬ ಚೆನ್ನಾಗಿದೆ ಮಗಾ ಎಂದೆ. ಕೆನ್ನೆಗೆ ಮುತ್ತಿಟ್ಟಳು.

ಸ್ಟಿಕ್ಕರ್ ಕೀಳಬಾರದೆಂದು ಅವಳಿಗೆ ಯಾರು ಹೇಳಿದ್ದರು? ನಾನೇ ಹೇಳಿರಲಿಲ್ಲ. ನಮಗೆ ಅದು ಹೇಳುವ ವಿಷಯವೇ ಆಗಿರಲಿಲ್ಲ.

ಅಕ್ಟೋಬರ್ 21

ರೆನಾಟಾ ಅಂಗಡಿಗೆ ಹೋದಾಗ ಬೋರ್ಡು ಜೋಡಿಸಿದೆ. ಭಾರ ಎತ್ತಬಾರದಂತೆ. ಹಾಳಾಗಿ ಹೋಗಲಿ. ಉಳಿದ ಚಿಪ್‌ಗಳೆಲ್ಲ ಸರಿಯಿವೆ, ಅವುಗಳ ಮೇಲೆ ಬರೀ ಅಚ್ಚಿನ ಸ್ಟಿಕ್ಕರ್, ಅವನ್ನು ಕೀಳುವ ಪ್ರೀತಿ ಯಾರಿಗಿದೆ. ಆಟ ನಡೆಯಿತು. ಮಾಮ ಬಂದ. ಹುಡುಗಿ ಬಾಯಿ ತೆರೆದಳು.

ಕರಕರ ಸದ್ದು. ಅಷ್ಟೇ.

ಮತ್ತೆ ಆಡಿದೆ. ಮತ್ತೆ. ಅದೇ ಕರಕರ. ಹಾಲಿನಾ ಎರಡನೆಯ ಸಲ ಸತ್ತಳು ಎಂದು ಬರೆದರೆ ಅತಿಯಾಯಿತು ಎನ್ನಿಸಬಹುದು. ನನಗೆ ಹಾಗೆಯೇ ಆಗಿದೆ.

ರೆನಾಟಾಗೆ ಗೊತ್ತಾಗಕೂಡದು. ಅಮ್ಮನ ದನಿ ಕೇಳದ ಮಗಳಾಗಿ ಬದುಕಿದಳು, ಅದು ನನ್ನ ಪಾಲಿನ ದುಃಖ. ಅಮ್ಮನ ದನಿ ಅಳಿಸಿದವಳಾಗಿ ಬದುಕಬಾರದು.

ಅಕ್ಟೋಬರ್ 23

ವರ್ನ್ ಬಂದ, ಕಾಪಿ ಯಂತ್ರ ಕಂಕುಳಲ್ಲಿ. ಬಾರದಿರು ಎಂದು ಹೇಳಲು ಮರೆತಿದ್ದೆ. ಬೋರ್ಡಿನ ಮೇಲೆ ಬಗ್ಗಿದವನು ಹಾಗೇ ನಿಂತ.

"ಯಾವ ಕತ್ತೆ ಕಣೋ ಸ್ಟಿಕ್ಕರ್ ಕಿತ್ತಿದ್ದು?"

ರೆನಾಟಾ ಬಾಗಿಲಲ್ಲಿ ಕಾಫಿ ಹಿಡಿದು ನಿಂತಿದ್ದಳು.

"ನಾನೇ," ಎಂದೆ. "ಆಸ್ಪತ್ರೆಗೆ ಹೋಗೋಕ್ ಮುಂಚೆ. ಅವಳ ಅಕ್ಷರ ಇಟ್ಕೊಳೋಣ ಅನ್ನಿಸ್ತು."

ವರ್ನ್ ನನ್ನನ್ನು ನೋಡಿದ. ಅವಳನ್ನು ನೋಡಿದ. ಇಡೀ ಆಯಸ್ಸು ಇದೇ ಕಸುಬಿನಲ್ಲಿ ಸವೆಸಿದವನು ಹಾಗೆ ಮಾಡುವುದಿಲ್ಲ ಎಂದು ಅವನಿಗೆ ಗೊತ್ತಿಲ್ಲವೇ.

"ವಯಸ್ಸಾಯ್ತು ನಿಂಗೆ," ಎಂದ ಮೆಲ್ಲಗೆ. "ಬುದ್ಧಿ ಕೈಕೊಡ್ತಾ ಇದೆ."

"ಹೂಂ. ಆ ಚಿಪ್ಪಿಗೂ ಹಾಳಾಗೋ ವಯಸ್ಸೇ ಬಿಡು. ತಾನಾಗೇ ಸಾಯ್ತಿತ್ತು."

ರೆನಾಟಾ ಕಾಫಿ ಇಟ್ಟು ಒಳಗೆ ಹೋದಳು. ನಂಬಿದಳು ಅಂದುಕೊಂಡೆ. ಆ ಫ್ರೇಮನ್ನು ಕೈಗಿಟ್ಟವಳೇ ಅವಳು ಎಂಬುದು ಆಮೇಲೆ ನೆನಪಾಯಿತು. ಸುಳ್ಳು ಹೇಳುವುದಕ್ಕೂ ತಲೆ ಬೇಕು. ವರ್ನ್ ಎದುರು ಅವಳ ಮಾನ ಉಳಿಯಿತು, ಅಷ್ಟೇ.

ಅಕ್ಟೋಬರ್ 26

ರೆನಾಟಾ ಮಿಲ್ವಾಕಿಗೆ ಹೋದಳು. ಸ್ಮಶಾನಕ್ಕೆ ಬರುತ್ತೇನೆ ಎಂದಳು. ಹ್ಯಾಲೋವೀನಿಗೆ ಕೂಗು ಕೇಳುವ ಮಾತನ್ನು ಅವಳೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಅಕ್ಟೋಬರ್ 31, ಮಧ್ಯಾಹ್ನ

ಯಂತ್ರಕ್ಕೆ ಮತ್ತೆ ಟಾರ್ಪಾಲು ಹೊದಿಸೋಣ ಎಂದು ಗ್ಯಾರೇಜಿಗೆ ಹೋದೆ. ಯಂತ್ರದ ಹಿಂದಿನ ಬಾಗಿಲು ತೆರೆದಿತ್ತು. ಮುಚ್ಚಲು ಹೋದವನು ಒಳಗೆ ನೋಡಿದೆ.

ಸ್ಟಿಕ್ಕರ್ ಚಿಪ್‌ನ ಮೇಲಿದೆ. ಗಾಜಿನ ಕಿಂಡಿಗೆ ಸರಿಯಾಗಿ, ರೆನಾಟಾ ನಾಲ್ಕೂ ಅಂಚು ಒತ್ತಿ ಕೂರಿಸಿ ಹೋಗಿದ್ದಾಳೆ. ನೀಲಿ ಶಾಯಿ, ಪುಟ್ಟ ಮುಖ. ಫ್ರೇಮು ಖಾಲಿಯಾಗಿ ಮೇಜಿನ ಮೇಲಿದೆ.

ಒಳಗೆ ಕಾಪಾಡುವಂಥದ್ದು ಏನೂ ಉಳಿದಿಲ್ಲ ಮಗಾ.

ತಡೆಯಲಾಗಲಿಲ್ಲ. ಹೊಲಿಗೆ ಬಿಚ್ಚಿಕೊಳ್ಳುತ್ತದೇನೋ ಎನ್ನುವಷ್ಟು ಅತ್ತೆ. ಹ್ಯಾಲೋವೀನಲ್ಲವೇ, ವೇಷ ಹಾಕಿದ ಮಕ್ಕಳು ಬಾಗಿಲಿಗೆ ಮಿಠಾಯಿ ಕೇಳಲು ಬಂದವು. ಒಂದರ ಮುಖದ ಮೇಲೆ ಗೋಣಿಚೀಲ. ಎರಡು ಹಿಡಿ ಜಾಸ್ತಿ ಕೊಟ್ಟೆ.

ನವೆಂಬರ್ 1, ಸಂಜೆ

ಸ್ಮಶಾನದ ತುಂಬ ದೀಪ, ಸೇವಂತಿಗೆ. ಊರಿನ ಪೋಲಿಷರೆಲ್ಲ ಅಲ್ಲೇ. ರೆನಾಟಾ ಹಾಲಿನಾಳ ಸಮಾಧಿ ಕಲ್ಲಿನ ಮೇಲಿನ ಎಲೆ ಗುಡಿಸಿದಳು. ಕೆಂಪು ಗಾಜಿನೊಳಗೆ ದೀಪ ಹಚ್ಚಿದಳು. ನನ್ನ ಕಡೆ ತಿರುಗದೆ ಹೇಳಿದಳು:

"ನಂಗೆ ಗೊತ್ತಪ್ಪ. ಅವತ್ತು ಮಿಲ್ವಾಕಿಗೆ ಹೊರಡೋ ಮುಂಚೆ ವರ್ನ್ ಮಾಮನ್ನೇ ಕೇಳ್ದೆ, ಸ್ಟಿಕ್ಕರ್ ಯಾಕಿರತ್ತೆ ಅಂತ."

"ಅವನ ನಾಲಿಗೆ ಬಿದ್ದೋಗ."

"ಅವರನ್ನ ಬೈಬೇಡ. ನಾನೇ ಹಾಳ್ ಮಾಡ್ದೆ. ಕೇಳೋಕೇ ಅಂತ ಕಾದಿದ್ದು ನಾನು, ಹಾಳ್ ಮಾಡಿದ್ದೂ ನಾನೇ."

ಭುಜ ಹಿಡಿದುಕೊಂಡೆ. ಕಣ್ಣೊರೆಸಿಕೊಂಡು ಕೇಳಿದಳು:

"ಹೇಗ್ ಕೂಗಿದ್ಲು? ಹೇಳ್ಕೊಡು."

ಮನೆಗೆ ಬಂದು ಗ್ಯಾರೇಜಿನ ಬಾಗಿಲು ಹಾಕಿದೆವು. ರೆಕಾರ್ಡ್ ಮಾಡಲು ಹಳೆಯ ಮೈಕು ಇನ್ನೂ ಕೆಲಸ ಮಾಡುತ್ತದೆ. ಮೊದಲು ಉಸಿರೆಳೆದುಕೊಂಡಳು ನಿಮ್ಮಮ್ಮ, ಆಮೇಲೆ ಕೆಳಗಿನಿಂದ ಎತ್ತಿದಳು, ತುದಿಯಲ್ಲಿ ದನಿ ಒಡೆಯಿತು — ಎಂದು ತೋರಿಸಲು ಹೋಗಿ ಕೆಮ್ಮು ಬಂತು. ರೆನಾಟಾ ಕಣ್ಣು ಮುಚ್ಚಿದಳು. ಕೂಗಿದಳು.

ಹಾಲಿನಾಳ ಹಾಗೆ ಇರಲಿಲ್ಲ. ಒಂದಿಷ್ಟೂ ಇಲ್ಲ. ದಪ್ಪ ದನಿ, ಅವಳದೇ. ಬೀದಿಯ ನಾಯಿಗಳೆಲ್ಲ ಬೊಗಳಿದವು. ಪಕ್ಕದ ಮನೆಯಾಕೆ ಬೇಲಿಯ ಆಚೆಯಿಂದ "ಯಾರಿಗೇನಾಯ್ತು" ಎಂದು ಕೇಳಿದಳು. ರೆನಾಟಾ ನನ್ನ ಮುಖ ನೋಡಿ ನಕ್ಕುಬಿಟ್ಟಳು. ಅಳುತ್ತಲೇ ನಕ್ಕಳು.

"ಅಪ್ಪ, ಕೊನೇಲಿ ನಕ್ಕಿದ್ದು ಬಂದ್ಬಿಟ್ಟಿದೆ. ಕತ್ತರಿಸ್ತೀಯಾ?"

ಈಗ ಅವಳು ಒಳಗೆ ಪಿಯೆರೋಗಿ ಕಡುಬು ಬೇಯಿಸುತ್ತಿದ್ದಾಳೆ. ನಾನು ಇಲ್ಲಿ, ಮೇಜಿನ ಮುಂದೆ. ಹೊಸ ಚಿಪ್‌ನಲ್ಲೂ ಅಷ್ಟೇ ಜಾಗ. ಎರಡು ಸೆಕೆಂಡು. ನಗು ಉಳಿಸಿಕೊಂಡರೆ ಕೂಗು ಅರ್ಧ ಹೋಗುತ್ತದೆ. ಆಟಕ್ಕೆ ಬೇಕಾದದ್ದು ಕೂಗು. ಅವತ್ತೂ ನಾನು ಹೀಗೇ ಲೆಕ್ಕ ಹಾಕಿ, ಹಾಲಿನಾ ನಗಲು ಶುರು ಮಾಡಿದ ಕಡೆ ಕತ್ತರಿಸಿದ್ದೆ. ಈ ಸಲ ಕೂಗು ಅರ್ಧ ಹೋದರೆ ಹೋಗಲಿ, ನಗು ಇರಲಿ.