ಮಾವನ ಎಲುಬು, ಅಜ್ಜಿಯ ಎಲುಬು

ಅಕ್ಟೋಬರ್ ೩೧, ಶನಿವಾರ

ನಿದ್ದೆ ಹತ್ತಿರ ಸುಳಿಯುತ್ತಿಲ್ಲ. ನಾಳೆ ಸಕಲ ಸಂತರ ಹಬ್ಬ, ಊರೆಲ್ಲ ತಮ್ಮವರ ಗೋರಿಗೆ ಹೂವಿಡುವ ದಿನ. ನಮ್ಮ ಎಲಾದಿಯೊ ಮಾವನನ್ನು ಬ್ಯಾಂಡು ಬಾರಿಸಿಕೊಂಡು ಊರಿನ ಮಹನೀಯರ ಸಮಾಧಿ ಮಂಟಪಕ್ಕೆ ಸಾಗಿಸುತ್ತಾರೆ. ಇಡೀ ಸ್ಪೇನ್ ಇವನ ಹಾಡಿಗೆ ತಲೆದೂಗಿತ್ತು ಎಂದು ಮೇಯರ್ ಭಾಷಣ ಬೇರೆ.

ಬೆಳಿಗ್ಗೆ ಸ್ಮಶಾನದ ಗೋಡೆಯಲ್ಲಿರುವ ನಮ್ಮ ಮನೆಯ ಗೋರಿಗೂಡನ್ನು ತೆರೆಸಿದೆವು. ಮಾವ ಸತ್ತಾಗ, ಎಲ್ಲರೂ ಮಾಡುವ ಹಾಗೆ, ಅಲ್ಲಿದ್ದ ಅಜ್ಜಿಯ ಎಲುಬುಗಳನ್ನು ಚೀಲಕ್ಕೆ ತುಂಬಿ ಅವನ ಪೆಟ್ಟಿಗೆಯ ಹಿಂದೆ ಇರಿಸಿದ್ದೆವು. ಈಗ ಚೀಲವೂ ಇಲ್ಲ, ಪೆಟ್ಟಿಗೆಯೂ ಇಲ್ಲ, ಎರಡೂ ಕೊಳೆತುಹೋಗಿವೆ. ಎಲ್ಲ ಒಂದೇ ರಾಶಿ.

"ಇದ್ರಲ್ಲಿ ಹಾಡ್ತಿದ್ದೋರು ಯಾರಮ್ಮ?" ಎಂದ ಗೋರಿ ಕೆಲಸದ ಬಲ್ದೊಮೇರೊ.

ಕಸಿಲ್ದಾ ಅಕ್ಕ ತಡಮಾಡಲಿಲ್ಲ. "ಉದ್ದುದ್ದ ಇರೋದೆಲ್ಲ ಮಾವಂದು. ಗಂಡಸಲ್ವಾ, ತೆಗೀರಿ."

ಸಂಜೆ ಸೂಪು ಬಿಸಿ ಮಾಡುವಾಗ ನೆನಪಾಯಿತು. ಮಾವ ಅಜ್ಜಿಯ ಭುಜಕ್ಕೂ ಬರುತ್ತಿರಲಿಲ್ಲ. ಅಕ್ಕನಿಗೆ ಫೋನು ಮಾಡಿದೆ.

"ನಂಗೂ ಆಮೇಲೆ ಹೊಳೀತು ಕಣೇ. ಅಷ್ಟೊತ್ತಿಗೆ ಹೊಸ ಪೆಟ್ಟಿಗೆಗೆ ಮೊಳೆ ಹೊಡೆದಾಗಿತ್ತು. ಬಾಯ್ಮುಚ್ಕೊಂಡು ಕಪ್ಪು ಕೋಟು ಇಸ್ತ್ರಿ ಮಾಡ್ಕೋ."

ಇಸ್ತ್ರಿ ಮಾಡಿದೆ. ಹೇಳಿದರೆ ಊರು ನಗುತ್ತದೆ, ಹೇಳದಿದ್ದರೆ ನನಗೇ ನಗು ಬರುತ್ತದೆ, ಅದೂ ಮೇಯರ್ ಎದುರಿಗೆ. ಮಾವ ಮನೆಯಲ್ಲಿ ರಾಗ ಎಳೆದರೆ ಸಾಕು, ಚಪ್ಪಲಿ ಎಸೆಯುತ್ತಿದ್ದವಳು ಅಜ್ಜಿ. ನಾಳೆ ಅವನ ಹಾಡುಗಳನ್ನೆಲ್ಲ ಅವಳಿಗೇ ಕೇಳಿಸುತ್ತಾರೆ. ಎದ್ದು ಹೋಗುವಂತೆಯೂ ಇಲ್ಲ.

ಮಾವ ಇನ್ನೂ ಆ ಗೂಡಿನಲ್ಲೇ ಇದ್ದಾನೆ. ಎಲ್ಲರೂ ಹೋದ ಮೇಲೆ ಗೋಡೆಯ ಹತ್ತಿರ ನಿಂತು ಮೆಲ್ಲಗೆ ಹೇಳಬೇಕು: ಹಾಡ್ಕೋ ಮಾವ, ಅಜ್ಜಿ ಮನೇಲಿಲ್ಲ.