ಟ್ಯೂಷನ್‌ನಲ್ಲಿ ಆಗಿರುತ್ತಲ್ಲ

ನಮ್ಮ ಜಿಲ್ಲೆಯ ಪದವಿಪೂರ್ವ ಕಾಲೇಜುಗಳ ಹೊಣೆ ಹೊತ್ತಿರುವ ಅಧಿಕಾರಿಗಳಿಗೆ,

ಮಾನ್ಯರೇ,

ಟ್ಯೂಷನ್ ಇಲ್ಲದೆಯೇ ಮಕ್ಕಳು ಪಾಸಾಗಬಹುದು ಎಂದು ನೀವು ವೇದಿಕೆಯ ಮೇಲೆ ನಿಂತು ಹೇಳಿದಿರಿ. ನನ್ನ ಮಗಳು ಆ ಮಾತನ್ನು ನಂಬಿ ಭೌತಶಾಸ್ತ್ರದಲ್ಲಿ ಫೇಲಾದಳು. ನನ್ನ ತಕರಾರು ಇಷ್ಟೇ, ಒಂದು ಕಾರ್ಡಿನಲ್ಲಿ ಬರೆದು ಹಾಕಬಹುದಿತ್ತು. ಹಾಗೆ ಬರೆದೂ ನೋಡಿದೆ. ನಿಮ್ಮ ಕಚೇರಿಯಿಂದ ‘ಸ್ವೀಕರಿಸಲಾಗಿದೆ’ ಎಂಬ ಮುದ್ರೆಯೊಂದನ್ನು ಬಿಟ್ಟರೆ ಬೇರೇನೂ ಬರಲಿಲ್ಲ. ನನ್ನ ದುಃಖವನ್ನು ಸ್ವೀಕರಿಸಿದ್ದಕ್ಕೆ ಕೃತಜ್ಞಳಾಗಿದ್ದೇನೆ. ಈಗ ಅದನ್ನು ಊರಿನವರೂ ಓದಲಿ ಎಂದು ಪತ್ರಿಕೆಗೆ ಕಳಿಸುತ್ತಿದ್ದೇನೆ.

ಹೋದ ವರ್ಷ ಕಾಲೇಜು ಶುರುವಾದ ಹೊಸತರಲ್ಲಿ ಕೋಲಾರದಲ್ಲಿ ನಡೆದ ಪ್ರತಿಭಾ ಪುರಸ್ಕಾರ ನಿಮಗೆ ನೆನಪಿರಬಹುದು. ಕಾಲೇಜಿನವರು ಮಕ್ಕಳನ್ನು ಬಸ್ಸಿನಲ್ಲಿ ತುಂಬಿಕೊಂಡು ಬಂದಿದ್ದರು, ಪೋಷಕರೂ ಬರಬಹುದು ಎಂದಿದ್ದರಿಂದ ನಾನೂ ಬಂದಿದ್ದೆ. ಹೆಚ್ಚು ಅಂಕ ತೆಗೆದವರಿಗೆ ಶಾಲು ಹೊದಿಸಿ ನೀವು ಬಹಳ ಚೆನ್ನಾಗಿ ಮಾತಾಡಿದಿರಿ. ಟ್ಯೂಷನ್ ಎಂಬುದು ಪೋಷಕರ ಭ್ರಮೆ, ತರಗತಿಯಲ್ಲಿ ಗಮನವಿಟ್ಟು ಕೇಳಿದರೆ ಸಾಕು, ನಮ್ಮ ಉಪನ್ಯಾಸಕರು ಯಾರಿಗೂ ಕಡಿಮೆಯಿಲ್ಲ ಎಂದಿರಿ. ನಾವೆಲ್ಲ ಚಪ್ಪಾಳೆ ತಟ್ಟಿದೆವು. ನಿಮ್ಮ ಕುರ್ಚಿಯ ಹಿಂದೆ ಕಟ್ಟಿದ್ದ ಬ್ಯಾನರನ್ನು ಮಾತ್ರ ನೀವು ತಿರುಗಿ ನೋಡಲಿಲ್ಲ. ಅದರ ತುಂಬ ಒಂದು ಟ್ಯೂಷನ್ ಸೆಂಟರಿನ ಹೆಸರಿತ್ತು. ಶಾಲು, ಹಾರ, ನಮಗೆ ಕೊಟ್ಟ ಮೈಸೂರು ಪಾಕು ಎಲ್ಲ ಅವರದೇ ಪ್ರಾಯೋಜನೆ ಎಂದು ನಿರೂಪಕರು ಮೈಕಿನಲ್ಲಿ ಮತ್ತೆ ಮತ್ತೆ ಹೇಳುತ್ತಿದ್ದರು. ಟ್ಯೂಷನ್ ಬೇಡ ಎಂದು ಟ್ಯೂಷನ್‌ನವರ ಮೈಕಿನಲ್ಲೇ ಹೇಳುವ ಧೈರ್ಯ ಎಲ್ಲರಿಗೂ ಬರುವುದಿಲ್ಲ ಬಿಡಿ.

ನಾವು ಯಲ್ದೂರಿನ ಕಡೆಯವರು. ಸುತ್ತ ಎಲ್ಲರದೂ ಮಾವಿನ ತೋಟ, ನಮ್ಮದು ಹಿಪ್ಪುನೇರಳೆ. ನಾನು, ನನ್ನ ಗಂಡ ಶಿವಶಂಕರ್, ಅತ್ತೆ ಅನಸೂಯಮ್ಮ ಮೂವರೂ ಸೇರಿ ರೇಷ್ಮೆ ಹುಳ ಸಾಕುತ್ತೇವೆ. ಒಬ್ಬಳೇ ಮಗಳು ಪವಿತ್ರ. ಅವಳು ಹೈಸ್ಕೂಲಿನಲ್ಲಿದ್ದಾಗ ನಮ್ಮತ್ತೆ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡರು. ಕೋಲಾರದ ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆದವಳು ಒಬ್ಬ ಚಿಕ್ಕ ವಯಸ್ಸಿನ ಹುಡುಗಿ. ನರಳುತ್ತಿದ್ದ ಮುದುಕಿಯನ್ನು ಎಷ್ಟು ನಾಜೂಕಾಗಿ ತಿರುಗಿಸಿ ಮಲಗಿಸಿದಳೆಂದರೆ, ನಮ್ಮತ್ತೆ ಆ ನೋವಿನಲ್ಲೂ ಅವಳ ಕೆನ್ನೆ ಸವರಿದರು. ಪವಿತ್ರ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಮನೆಗೆ ಬಂದವಳೇ ತಾನೂ ಅದೇ ಕೆಲಸಕ್ಕೆ ಹೋಗುವುದೆಂದು ಹೇಳಿದಳು, ಆಮೇಲೆ ಆ ಮಾತು ಬದಲಿಸಲಿಲ್ಲ. ಅದಕ್ಕೆ ಪಿಯುಸಿಯಲ್ಲಿ ವಿಜ್ಞಾನ ಪಾಸಾಗಬೇಕಿತ್ತು. ಡಾಕ್ಟರು, ಇಂಜಿನಿಯರು ಎಂದೆಲ್ಲ ಅವಳು ಕೇಳಿದವಳಲ್ಲ. ಪಾಸಾಗಬೇಕು, ಅಷ್ಟೇ.

ಅವಳನ್ನು ಹತ್ತಿರದ ಸರ್ಕಾರಿ ಕಾಲೇಜಿಗೆ ಸೇರಿಸಿದೆವು. ಆ ಕಾಲೇಜಿನ ಹೆಸರು ಬರೆಯುವುದಿಲ್ಲ. ಬರೆದರೆ ನೀವು ಅಲ್ಲಿನ ಒಬ್ಬ ಉಪನ್ಯಾಸಕರಿಗೆ ನೋಟಿಸು ಕೊಟ್ಟು ಕೈ ತೊಳೆದುಕೊಳ್ಳುತ್ತೀರಿ. ನನ್ನ ಜಗಳ ಅವರೊಂದಿಗಲ್ಲ. ಭೌತಶಾಸ್ತ್ರದ ಹುದ್ದೆ ಖಾಲಿಯಿದ್ದು, ಬೇರೆ ತಾಲ್ಲೂಕಿನಿಂದ ನಿಯೋಜನೆಯ ಮೇಲೆ ಬರುತ್ತಿದ್ದ ಪುಣ್ಯಾತ್ಮರು ಅವರು. ಅರ್ಧ ವಾರ ಅಲ್ಲಿ, ಅರ್ಧ ವಾರ ಇಲ್ಲಿ. ಅವರ ಪಾಠದ ಅರ್ಧ ಬಸ್ಸಿನಲ್ಲೇ ಕಳೆದುಹೋಗುತ್ತಿತ್ತು. ಪಠ್ಯವನ್ನು ಹೇಗಾದರೂ ಮುಗಿಸಬೇಕಲ್ಲ, ಅದಕ್ಕೆ ಅವರೊಂದು ಉಪಾಯ ಕಂಡುಕೊಂಡಿದ್ದರು. ಹೊಸ ಪಾಠ ಶುರು ಮಾಡುವ ಮುಂಚೆ, ಇದು ಟ್ಯೂಷನ್‌ನಲ್ಲಿ ಆಗಿರುತ್ತಲ್ಲ ಎಂದು ಕೇಳುವುದು. ಆಗಿದೆ ಸಾರ್ ಎಂದು ತರಗತಿಯೆಲ್ಲ ಒಂದೇ ದನಿಯಲ್ಲಿ ಹೇಳುವುದು. ಮುಖ್ಯವಾದ ಸೂತ್ರಗಳನ್ನು ಬೋರ್ಡಿನ ಮೇಲೆ ಬರೆದು ಮುಂದಿನ ಪಾಠಕ್ಕೆ ಹೋಗುವುದು. ನಿಮ್ಮ ಕಚೇರಿಗೆ ಹೋದ ವರದಿಯಲ್ಲಿ ಪಠ್ಯ ಪೂರ್ಣಗೊಂಡಿದೆ ಎಂದೇ ಇದ್ದಿರಬೇಕು. ಅದು ಸುಳ್ಳಲ್ಲ, ಪೂರ್ಣಗೊಂಡಿದ್ದು ಬೇರೆ ಕಡೆ.

ಪವಿತ್ರಳೂ ಮೊದಲು ಟ್ಯೂಷನ್‌ಗೆ ಹೋಗುತ್ತಿದ್ದಳು. ಪೇಟೆಯಲ್ಲಿ ಗೊಬ್ಬರ, ಕೀಟನಾಶಕ ಮಾರುವ ಅಂಗಡಿಯ ಮೇಲೆ ಒಂದು ಕೋಣೆ, ಬೆಳಕು ಹರಿಯುವ ಹೊತ್ತಿಗೆ ಬ್ಯಾಚು. ನಂದೀಶ್ ಎಂಬ ಮೇಷ್ಟ್ರು ಚೆನ್ನಾಗಿಯೇ ಹೇಳಿಕೊಡುತ್ತಿದ್ದರಂತೆ. ಹೇಳಿಕೊಡದೆ ಏನು? ಕಾಲೇಜು ಕೈಬಿಟ್ಟಿದ್ದನ್ನು ಆ ಮನುಷ್ಯ ಎತ್ತಿಕೊಂಡಿದ್ದರು. ಮಕ್ಕಳು ಅಲ್ಲಿ ಕಲಿತು, ನಿದ್ದೆ ಮಾಡಲು ಕಾಲೇಜಿಗೆ ಬರುತ್ತಿದ್ದರು.

ಹುಳ ಸಾಕುವ ಮನೆಯ ಕಟ್ಟುಪಾಡು ನಿಮಗೆ ಗೊತ್ತಿರಲಾರದು, ಸ್ವಲ್ಪ ಹೇಳಬೇಕು. ಹುಳ ತಿನ್ನುವುದು ಬಿಟ್ಟು ಪೊರೆ ಕಳಚುವ ಸಮಯಕ್ಕೆ ನಾವು ಜ್ವರ ಎನ್ನುತ್ತೇವೆ. ನಾಲ್ಕನೇ ಜ್ವರ ಎದ್ದ ಹುಳಕ್ಕೆ ಹೊಟ್ಟೆಬಾಕತನ. ಹಗಲು ರಾತ್ರಿ ಸೊಪ್ಪು ತಿಂದು ಗೂಡು ಕಟ್ಟಲು ಸಿದ್ಧವಾಗುತ್ತದೆ. ಆ ದಿನಗಳಲ್ಲಿ ನಮ್ಮ ಮನೆಗೆ ನೆಂಟರು ಬರುವುದಿಲ್ಲ. ಬಂದರೂ ಅಂಗಳದಲ್ಲೇ ಮಾತಾಡಿಸಿ ಕಳಿಸುತ್ತೇವೆ, ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಪೌಡರ್ ಹಾಕಿಕೊಂಡವರೂ ಟೊಮೆಟೊ ತೋಟಕ್ಕೆ ಔಷಧಿ ಹೊಡೆದು ಬಂದವರೂ ಹುಳದ ಮನೆಯ ಹೊಸ್ತಿಲು ದಾಟುವ ಹಾಗಿಲ್ಲ. ಪವಿತ್ರ ಔಷಧಿ ಅಂಗಡಿಯ ಮೇಲೆ ಕೂತು ಬರುವವಳಾದ್ದರಿಂದ ಅವಳಿಗೆ ಇನ್ನೂ ಬಿಗಿ. ಬಂದ ತಕ್ಷಣ ಸ್ನಾನ, ಬೇರೆ ಬಟ್ಟೆ, ಪುಸ್ತಕದ ಚೀಲ ಹೊರಗಿನ ಗೂಟಕ್ಕೆ. ಒಂದು ದಿನವೂ ಅವಳು ತಪ್ಪಿದವಳಲ್ಲ.

ಹುಳ ನಾಲ್ಕನೇ ಜ್ವರ ಎದ್ದಿದ್ದ ಒಂದು ಭಾನುವಾರ. ಕಾಲೇಜಿಗೆ ರಜೆ, ಟ್ಯೂಷನ್‌ಗೆ ಇಲ್ಲ. ಬಿಡುವ ಹೊತ್ತಿಗೆ ಮಳೆ ಹಿಡಿಯಿತಂತೆ. ಕೆಳಗಿನ ಅಂಗಡಿಯವರು ಪಾಪ, ಮಗು ನೆನೆಯುತ್ತದೆಂದು ಒಂದು ಖಾಲಿ ಗೋಣಿಚೀಲ ಕೊಟ್ಟರು. ಅದನ್ನು ಕೊಪ್ಪೆ ಮಾಡಿ ತಲೆಗೆ ಹಾಕಿಕೊಂಡು ಬಂದಳು. ಬಂದವಳು ಆ ಗೋಣಿಯನ್ನು ಜಗಲಿಯ ಮೇಲೆ ಬಿಟ್ಟು, ಎಂದಿನಂತೆ ಬಚ್ಚಲಿಗೆ ಹೋದಳು. ನಾನೂ ನನ್ನ ಗಂಡನೂ ತೋಟದಲ್ಲಿದ್ದೆವು. ಕೊಯ್ದು ತಂದ ಸೊಪ್ಪು ಬಾಡದಿರಲೆಂದು ರಾಶಿಯ ಮೇಲೆ ಒದ್ದೆ ಗೋಣಿ ಹೊದಿಸುವುದು ನಮ್ಮಲ್ಲಿ ಪದ್ಧತಿ. ಜಗಲಿಯ ಮೇಲೆ ಒದ್ದೆ ಗೋಣಿಯೊಂದು ಕಂಡಿತು, ನಮ್ಮತ್ತೆ ಅದನ್ನೇ ತೆಗೆದು ಹೊದಿಸಿದರು. ಅಂಗಡಿಯವರು ಅದನ್ನು ಔಷಧಿ ಡಬ್ಬಿಗಳ ಕೆಳಗೆ ಹಾಸಿದ್ದರೆಂಬುದು ನಮಗೆ ಆಮೇಲೆ ತಿಳಿಯಿತು. ಮಳೆಯಲ್ಲಿ ತೊಯ್ದು ವಾಸನೆಯೂ ಇರಲಿಲ್ಲವಂತೆ. ಆ ಸೊಪ್ಪನ್ನೇ ಮೂವರೂ ಸೇರಿ ಹುಳಕ್ಕೆ ಹಾಕಿದೆವು.

ನಾಲ್ಕನೇ ಜ್ವರ ಎದ್ದ ಹುಳ ತಿನ್ನುವಾಗ ಮನೆಯೊಳಗೆ ಸೋನೆ ಮಳೆ ಹಿಡಿದ ಹಾಗೆ ಸದ್ದಿರುತ್ತದೆ. ಸಂಜೆಯ ಹೊತ್ತಿಗೆ ಆ ಸದ್ದು ನಿಂತಿತು. ಹುಳಗಳು ತಲೆ ಎತ್ತಿ ಅತ್ತಿತ್ತ ಆಡಿಸಿದವು, ಹಸಿರು ನೀರು ಕಕ್ಕಿದವು, ಕುಗ್ಗಿ ಸತ್ತವು. ಗೂಡು ಕಟ್ಟಲೆಂದು ತೊಳೆದು ನಿಲ್ಲಿಸಿದ್ದ ಬಿದಿರಿನ ಚಂದ್ರಿಕೆ ತಟ್ಟಿಗಳು ಹಾಗೇ ಗೋಡೆಗೆ ಒರಗಿದ್ದವು. ನಮ್ಮತ್ತೆಗೆ ಸಂಕಟ ಬಂದರೆ ಮಾತು ತೆಲುಗಿಗೆ ತಿರುಗುತ್ತದೆ. “ಪಿಲ್ಲದೇಮೀ ತಪ್ಪು ಲೇದು, ನೇನೇ ಕಪ್ಪಿನಾನು” ಎಂದು, ಮಗುವಿನದೇನೂ ತಪ್ಪಿಲ್ಲ, ಹೊದಿಸಿದವಳು ನಾನು ಎಂದು, ಅದನ್ನೇ ಹೇಳುತ್ತಾ ಕೂತರು. ನನ್ನ ಗಂಡ ಸತ್ತ ಹುಳಗಳನ್ನು ಬುಟ್ಟಿಗೆ ತುಂಬಿ ಗುಂಡಿಗೆ ಹಾಕಿ ಬಂದರು. ಮಗಳ ಮೇಲೆ ದನಿ ಎತ್ತಲಿಲ್ಲ. ಆ ಮೆಟ್ಟಿಲು ಇನ್ನು ಹತ್ತಬೇಡ ಎಂದರು, ಅಷ್ಟೇ.

ಇದಕ್ಕೂ ನಮಗೂ ಏನು ಸಂಬಂಧ ಎಂದು ನೀವು ಕೇಳಬಹುದು. ನಿಮ್ಮ ಇಲಾಖೆ ನಮ್ಮ ಸೊಪ್ಪಿಗೆ ವಿಷ ಹಾಕಲಿಲ್ಲ, ಒಪ್ಪಿದೆ. ಅಂಗಡಿಯವರು ಮಾಡಿದ್ದು ಉಪಕಾರ, ನಮ್ಮತ್ತೆ ಮಾಡಿದ್ದು ದಿನವೂ ಮಾಡುವ ಕೆಲಸ. ನನ್ನ ಪ್ರಶ್ನೆ ಒಂದೇ. ಸರ್ಕಾರಿ ಕಾಲೇಜಿಗೆ ಸೇರಿದ ಹುಡುಗಿ ಭೌತಶಾಸ್ತ್ರ ಕಲಿಯಲು ಕೀಟನಾಶಕದ ಅಂಗಡಿಯ ಮೇಲಿನ ಕೋಣೆಗೆ ಯಾಕೆ ಹೋಗಬೇಕಿತ್ತು? ಕಾಲೇಜಿನಲ್ಲಿ ಭೌತಶಾಸ್ತ್ರದ ಕೊಠಡಿಯಿದೆ, ಬೋರ್ಡಿದೆ, ಬಾಗಿಲ ಮೇಲೆ ಹೆಸರೂ ಇದೆ. ಭೌತಶಾಸ್ತ್ರವೊಂದು ಎಲ್ಲಿಗೆ ಹೋಯಿತು?

ಆ ಬೆಳೆ ಹೋದಮೇಲೆ ನಮ್ಮ ಮನೆಯಲ್ಲಿ ಟ್ಯೂಷನ್ ಮಾತು ಏಳಲಿಲ್ಲ. ನಾನೇ ಒಂದು ಸಲ ಎತ್ತಿದಾಗ ಪವಿತ್ರಳೇ ನನ್ನನ್ನು ಸಮಾಧಾನ ಮಾಡಿದಳು. “ಬೇಡ ಬಿಡಮ್ಮ. ಕ್ಲಾಸಲ್ಲಿ ಗಮನ ಇಟ್ಟು ಕೇಳಿದ್ರೆ ಸಾಕು ಅಂತ ಸಾಹೇಬ್ರೇ ಹೇಳಿದ್ರಲ್ಲ, ನಾನು ಮುಂದಿನ ಬೆಂಚಲ್ಲಿ ಕೂತ್ಕೊತೀನಿ” ಎಂದಳು. ಹಾಗೇ ಮುಂದಿನ ಬೆಂಚಿಗೆ ಹೋದಳು. ನಿಮ್ಮ ಭಾಷಣವನ್ನು ಇಷ್ಟು ಶ್ರದ್ಧೆಯಿಂದ ಪಾಲಿಸಿದವರು ಈ ಜಿಲ್ಲೆಯಲ್ಲಿ ಇನ್ನೊಬ್ಬರಿದ್ದರೆ ಅವರಿಗೂ ಒಂದು ಶಾಲು ಹೊದಿಸಿ.

ಮುಂದಿನ ಬೆಂಚಿನಲ್ಲಿ ಕೂತು ಅವಳು ಗಮನವಿಟ್ಟು ಕೇಳಿದ್ದು ‘ಟ್ಯೂಷನ್‌ನಲ್ಲಿ ಆಗಿರುತ್ತಲ್ಲ’ ಎಂಬ ಮಾತನ್ನು. ಒಂದು ದಿನ ಆ ಉಪನ್ಯಾಸಕರಿಗೆ ಏನನ್ನಿಸಿತೋ, ಟ್ಯೂಷನ್‌ಗೆ ಹೋಗದವರು ಯಾರಾದರೂ ಇದ್ದರೆ ಕೈ ಎತ್ತಿ ಎಂದರಂತೆ. ಒಳ್ಳೆಯ ಮನಸ್ಸಿನಿಂದಲೇ ಕೇಳಿದ್ದಾರೆ. ನನ್ನ ಮಗಳು ಕೈ ಎತ್ತಲಿಲ್ಲ. ಹುಳ ಸತ್ತ ಸುದ್ದಿ ಅಷ್ಟೊತ್ತಿಗೆ ತರಗತಿಯಲ್ಲೆಲ್ಲ ಹಬ್ಬಿತ್ತು, ಕೆಲವರು ಅವಳನ್ನು ಕಂಡರೆ ಗೋಣಿಚೀಲ ಎಂದು ನಗುತ್ತಿದ್ದರು. ಅಷ್ಟು ಜನರೆದುರು ಒಂದೇ ಒಂದು ಕೈ ಎತ್ತುವುದೆಂದರೆ ಹದಿನೇಳರ ಹುಡುಗಿಗೆ ಏನು ಕಷ್ಟ ಎಂದು ನಾನು ನಿಮಗೆ ವಿವರಿಸಬೇಕೇ? ಯಾರೂ ಎತ್ತಲಿಲ್ಲವೆಂದು ಅವರು ಮುಂದಿನ ಪಾಠಕ್ಕೆ ಹೋದರು. ಅವತ್ತು ಬಿಟ್ಟ ಪಾಠದಲ್ಲೇ ಎಕ್ಸ್ ಕಿರಣದ ವಿಷಯವಿತ್ತು. ಅವಳು ಮನೆಗೆ ಬಂದು ಅತ್ತಾಗ ನನಗೆ ಇದು ತಿಳಿಯಿತು. ನನಗೆ ಆಗ ಅವಳ ಮೇಲೂ ಸಿಟ್ಟು ಬಂತು, ನಿಮ್ಮ ಮೇಲೂ ಬಂತು. ಅವಳ ಮೇಲಿನದು ಆಗಲೇ ಇಳಿಯಿತು.

ಮಾರನೆಯ ದಿನ ಕಾಲೇಜಿಗೆ ಹೋದೆ. ಪ್ರಾಂಶುಪಾಲರು ಕೂರಿಸಿ ನೀರು ಕೊಟ್ಟು ಮರ್ಯಾದೆಯಿಂದಲೇ ಮಾತಾಡಿದರು. ಖಾಲಿ ಹುದ್ದೆ ತುಂಬಲು ಬರೆದೂ ಬರೆದೂ ಸಾಕಾಗಿದೆ ಎಂದರು. ಕೊನೆಗೆ, “ಎಲ್ಲಾರೂ ಹೋಗ್ತಾರಮ್ಮ, ನಿಮ್ಮ ಮಗಳನ್ನೂ ಎಲ್ಲಾದ್ರೂ ಒಂದು ಕಡೆ ಸೇರಿಸ್ಬಿಡಿ” ಎಂದರು.

“ಸೇರಿಸಿದ್ದೀನಲ್ಲ ಸಾರ್, ಇಲ್ಲಿಗೆ” ಎಂದೆ.

ಅವರು ನನಗೆ ಇನ್ನೊಂದು ಲೋಟ ನೀರು ತರಿಸಿದರು. ಆ ಕುರ್ಚಿಯಲ್ಲಿ ನೀವಿದ್ದಿದ್ದರೆ ಏನು ಹೇಳುತ್ತಿದ್ದಿರಿ ಎಂದು ನನಗೆ ಈಗಲೂ ಕುತೂಹಲವಿದೆ.

ಉಳಿದದ್ದು ನಿಮ್ಮ ಅಂಕಿಅಂಶಗಳಲ್ಲೇ ಸೇರಿಕೊಂಡಿದೆ. ಮಾರ್ಚಿನ ಪರೀಕ್ಷೆಯಲ್ಲಿ ಭೌತಶಾಸ್ತ್ರ ಹೋಯಿತು. ಎರಡನೇ ಪರೀಕ್ಷೆಯನ್ನು ತಾನೇ ಪುಸ್ತಕ ಹಿಡಿದು ಓದಿ ಬರೆದಳು, ಅದರಲ್ಲೂ ಹೋಯಿತು. ಅವಳ ತರಗತಿಯಲ್ಲಿ ಹೆಚ್ಚಿನವರು ಪಾಸಾದರು, ಕಾಲೇಜಿನ ಗೇಟಿಗೆ ಅಭಿನಂದನೆಯ ಫ್ಲೆಕ್ಸು ಕಟ್ಟಿದರು. ನಿಮ್ಮ ಕುರ್ಚಿಯ ಹಿಂದಿನ ಬ್ಯಾನರಿನಲ್ಲಿದ್ದ ಅದೇ ಟ್ಯೂಷನ್ ಸೆಂಟರು ಪಕ್ಕದಲ್ಲೇ ಇನ್ನೊಂದು ಫ್ಲೆಕ್ಸು ಕಟ್ಟಿತು. ಎರಡರಲ್ಲೂ ಅವೇ ಮಕ್ಕಳ ಮುಖ. ಫಲಿತಾಂಶ ನಿಮ್ಮದೋ ಅವರದೋ ಎಂಬುದನ್ನು ನೀವಿಬ್ಬರೂ ಕೂತು ತೀರ್ಮಾನಿಸಿಕೊಳ್ಳಿ. ನನ್ನ ಮಗಳು ಮಾತ್ರ ಖಂಡಿತವಾಗಿ ನಿಮ್ಮವಳು. ಪೂರ್ತಿಯಾಗಿ ನಿಮ್ಮ ತರಗತಿಯನ್ನೇ ನಂಬಿ ಬಂದ ಫಲಿತಾಂಶ ಅವಳೊಬ್ಬಳದೇ, ಅವಳ ಫೋಟೋ ಯಾವ ಫ್ಲೆಕ್ಸಿನಲ್ಲೂ ಇಲ್ಲ.

ನನ್ನ ಮೈದುನ ಅಮರನಾಥ್ ಮಾಲೂರಿನಲ್ಲಿದ್ದಾನೆ. ಅಲ್ಲೇ ಒಂದು ಕಂಪನಿಯಲ್ಲಿ ಪವಿತ್ರಳಿಗೆ ಕೆಲಸ ಕೊಡಿಸಿ ತನ್ನ ಮನೆಯಲ್ಲೇ ಇಟ್ಟುಕೊಂಡಿದ್ದಾನೆ. ಯಾವುದೋ ಯಂತ್ರದ ಭಾಗಗಳನ್ನು ಡಬ್ಬಿಗೆ ತುಂಬುವ ಕೆಲಸ. ದುಡಿದು ತಿನ್ನುವುದು ಅವಮಾನವಲ್ಲ, ನಾವೂ ಅದನ್ನೇ ಮಾಡುವವರು. ಆದರೆ ಅದು ಅವಳು ಕೇಳಿದ ಕೆಲಸವಲ್ಲ. ಮೂರನೇ ಪರೀಕ್ಷೆ ಕಟ್ಟು ಎಂದೆ. ಪಾಠ ಯಾರು ಮಾಡ್ತಾರೆ ಎಂದು ಕೇಳಿದಳು.

ಆ ಪ್ರಶ್ನೆಯನ್ನು ನಿಮಗೆ ದಾಟಿಸುತ್ತಿದ್ದೇನೆ. ಈ ಜೂನಿನಲ್ಲಿ ಖಾಲಿ ಹುದ್ದೆಗಳನ್ನು ತುಂಬಿ. ಟ್ಯೂಷನ್‌ನಲ್ಲಿ ಆಗಿದೆಯೇ ಎಂದು ಯಾವ ತರಗತಿಯಲ್ಲೂ ಯಾರೂ ಕೇಳಬಾರದು ಎಂದು ಲಿಖಿತ ಆದೇಶ ಹೊರಡಿಸಿ. ಟ್ಯೂಷನ್ ಎಂಬುದೇ ಲೋಕದಲ್ಲಿ ಇಲ್ಲವೆಂದುಕೊಂಡು ಪ್ರತಿ ಪಾಠವನ್ನೂ ಮೊದಲಿನಿಂದ ಮಾಡಿಸಿ. ಅದು ನಿಮ್ಮಿಂದಾಗದಿದ್ದರೆ, ಅದೇ ವೇದಿಕೆ ಹತ್ತಿ, ಅದೇ ಬ್ಯಾನರಿನ ಮುಂದೆ ನಿಂತು, ಟ್ಯೂಷನ್ ಬೇಕೇ ಬೇಕು, ನಮ್ಮನ್ನು ನಂಬಬೇಡಿ ಎಂದು ಮಕ್ಕಳಿಗೆ ಹೇಳಿ. ಎರಡರಲ್ಲಿ ಯಾವುದಾದರೂ ಸರಿ, ನಿಮ್ಮ ಮಾತು ನಿಜವಾಗಿರಲಿ. ಸುಳ್ಳನ್ನು ಸಾಕುವ ಶಕ್ತಿ ನಮ್ಮಂಥ ಮನೆಗಳಿಗಿಲ್ಲ.

ಕಳೆದ ಭಾನುವಾರ ಪವಿತ್ರ ಊರಿಗೆ ಬಂದಿದ್ದಳು. ಕಂಪನಿಗೆ ಸೇರುವಾಗ ಆರೋಗ್ಯ ತಪಾಸಣೆ ಮಾಡಿಸಿದರಂತೆ. ಎದೆಯ ಎಕ್ಸ್‌ರೇಗೆ ಅವಳನ್ನು ಯಂತ್ರದ ಮುಂದೆ ನಿಲ್ಲಿಸಿ, ಉಸಿರು ಬಿಗಿಹಿಡಿ ಎಂದು ಒಬ್ಬ ಹುಡುಗಿ ಗಾಜಿನ ಆಚೆಯಿಂದ ಹೇಳಿದಳಂತೆ. ಅಜ್ಜಿಯ ತಲೆಗೆ ಎಣ್ಣೆ ಹಚ್ಚುತ್ತಾ ಅವಳು ಇದನ್ನು ಸುಮ್ಮನೆ, ಬೇರೆ ಯಾರದೋ ಸುದ್ದಿ ಹೇಳುವ ಹಾಗೆ ಹೇಳಿದಳು.

“ನಾನು ನಿಂತ್ಕೊಬೇಕಾಗಿದ್ದು ಆ ಕಡೆ ಅಲ್ವೇನಮ್ಮ” ಎಂದಳು.

ಇಂತಿ,
ಟ್ಯೂಷನ್‌ಗೆ ಹೋಗದವರು ಯಾರೆಂದು ನೀವು ಇನ್ನೊಮ್ಮೆ ಕೇಳಿದರೆ ಮಗಳ ಪರವಾಗಿ ಕೈ ಎತ್ತಲು ಕಾದಿರುವ,
ಸುನಂದ
ಹುಳದ ಮನೆ, ಯಲ್ದೂರಿನ ಹತ್ತಿರ