ಹೆಸರಿಲ್ಲದ ಹಾಳೆ

ಗೆಳತೀ,

‘ದಣಿದ ಕಣ್ಣಿಗೆ ಅಕ್ಷರವೆಲ್ಲ ಇರುವೆಸಾಲು’ ಎಂದು ಎಲ್ಲೋ ಓದಿದ್ದೆ. ‘ದಣಿದ’ ಎಂದಿತ್ತೋ, ‘ಸೋತ’ ಎಂದಿತ್ತೋ? ಕರಡಚ್ಚು ತಿದ್ದುತ್ತಾ ಅದನ್ನು ಗೊಣಗುತ್ತಿದ್ದೆ. ಕೇಳಿಸಿಕೊಳ್ಳುತ್ತಿದ್ದವಳು ಎದುರು ಮೇಜಿನ ನೀನೊಬ್ಬಳೇ.

ನಮ್ಮ ವಿಭಾಗದ ಮುಖ್ಯಸ್ಥೆಯಾದ ಮೇಲೆ, ಕೆಲಸದ ಒತ್ತಡದ ಬಗ್ಗೆ ಬರೆಯಲು ಹಾಳೆ ಹಂಚಿದವಳೂ ನೀನೇ. “ಹೆಸರು ಹಾಕ್ಬೇಡ ಕಣೇ, ಮನಸ್ಸು ಬಿಚ್ಚಿ ಬರಿ” ಅಂದೆ. ಬರೆದೆ: ಮೊದಲು ಪ್ರತಿ ಪುಟವನ್ನೂ ಎರಡು ಸಲ ಓದುತ್ತಿದ್ದೆ. ಈಗ ದಿನಕ್ಕೆ ನೂರು ಪುಟ ಕೊಡುತ್ತಾರೆ, ಓದದೆಯೇ ಸಹಿ ಹಾಕುತ್ತೇನೆ, ತಪ್ಪುಗಳು ಹಾಗೇ ಅಚ್ಚಾಗುತ್ತವೆ. ಕೊನೆಗೆ, ಬುದ್ಧಿಯಿಲ್ಲದೆ, ನಾನು ಗೊಣಗುತ್ತಿದ್ದ ಆ ಸಾಲನ್ನೂ ಬರೆದೆ.

ಇವತ್ತು ಮ್ಯಾನೇಜರು ಆ ಹಾಳೆಯನ್ನೇ ನನ್ನ ಮುಂದಿಟ್ಟರು. “ಓದೋಕೆ ಪುರುಸೊತ್ತಿಲ್ಲ, ಕವಿತೆಗೆ ಮಾತ್ರ ಇದೆ! ನಾಳೆಯಿಂದ ಬರೋದು ಬೇಡ ಮೇಡಂ.” ಅವರ ಪಕ್ಕದಲ್ಲಿ ಕೂತ ನೀನು ಪೆನ್ನಿನ ಮುಚ್ಚಳ ತೆಗೆಯುತ್ತಾ ಹಾಕುತ್ತಾ ಇದ್ದೆ. ಅದು ನನ್ನ ಹಾಳೆಯೆಂದು ಹೇಳಿದ್ದು ಯಾರೆಂದು ನಾನು ಕೇಳಲಿಲ್ಲ.

ಎಲ್ಲೆಲ್ಲೋ ಸುತ್ತಿ ಸಂಜೆ ಮನೆಗೆ ಬಂದೆ. ಬೀಗ ತೆಗೆಯುವಾಗ ಪಕ್ಕದ ಮನೆಯ ಅಜ್ಜಿ ಅಂದರು: “ನಿನ್ನ ಗೆಳತಿ ಬಂದಿದ್ಲಮ್ಮ. ಮೆಟ್ಟಿಲ ಮೇಲೇ ಕೂತಿದ್ಲು. ‘ಒಳಗೆ ಬಾ, ಇನ್ನೇನು ಬಂದ್ಬಿಡ್ತಾಳೆ’ ಅಂದೆ. ‘ಅದಕ್ಕೇ ಹೋಗ್ತೀನಜ್ಜಿ’ ಅಂತ ಎದ್ದೇಬಿಟ್ಲು.”